ಬಿಸಿಲಿಗೆ ಕಂದಿದ ಚರ್ಮ: ರಕ್ಷಾಕವಚವೇ, ಗಾಯದ ಗುರುತೇ?

ಬಿಸಿಲಿನಲ್ಲಿ ದುಡಿಯುವವರ ಮೈ ಕಪ್ಪಾಗುವುದು ಸರ್ವವಿದಿತವಾದ ಸಂಗತಿ. ಆದರೆ ಬೇಕೆಂದೇ ಬಿಸಿಲಿಗೆ ಮೈಯೊಡ್ಡಿ ಚರ್ಮವನ್ನು ಕಂದಿಸಿಕೊಳ್ಳುವ ರೂಢಿಯು ಬಿಳಿಯ ಜನರಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಬೆಳೆದುಬಂದಿತು. ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯಕ್ಕೆ ಬೆಳಕಿನಿಂದ ಚಿಕಿತ್ಸೆ ಮಾಡಿ ೧೯೦೩ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಬಿಸಿಲು ಆರೋಗ್ಯದಾಯಕವೆಂಬ ಭಾವನೆ ಹರಡಿದಂತೆ, ಕಂದುಬಣ್ಣವು ಆರೋಗ್ಯದ ಲಕ್ಷಣವೆಂದೂ ಮುಂದಿನ ಬಿಸಿಲಿಗೆ ಕವಚವೆಂದೂ ಎಣಿಸಲ್ಪಟ್ಟಿತು. ಈ ಎಣಿಕೆ ಎಷ್ಟರಮಟ್ಟಿಗೆ ಸರಿ?

ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಎರಡು ಬಗೆಯವು ನೆಲವನ್ನು ಮುಟ್ಟುತ್ತವೆ. ೨೮೦ರಿಂದ ೩೧೫ ನ್ಯಾನೋಮೀಟರ್ ತರಂಗಾಂತರದ 'ಬಿ' ಕಿರಣಗಳು ಮೇಲ್ಪದರವನ್ನು ಸುಡುತ್ತವೆ. ೩೧೫ರಿಂದ ೪೦೦ರವರೆಗಿನ 'ಎ' ಕಿರಣಗಳು ಇನ್ನೂ ಆಳಕ್ಕಿಳಿದು ಚರ್ಮವನ್ನು ಸುಕ್ಕುಗಟ್ಟಿಸುತ್ತವೆ. ಇವು ಜೀವಕೋಶದೊಳಗಿನ ಡಿ.ಎನ್.ಎ.ಗೆ ಹಾನಿಯನ್ನುಂಟುಮಾಡುತ್ತವೆ. ಹಾನಿಗೊಂಡ ಕೋಶಗಳು ಕಳುಹಿಸುವ ಸೂಚನೆಯಿಂದಲೇ ನೆರೆಯ ವರ್ಣಕೋಶಗಳು ಮೆಲನಿನ್ ಎಂಬ ಬಣ್ಣವನ್ನು ಹೆಚ್ಚಾಗಿ ತಯಾರಿಸುತ್ತವೆ. ಆದುದರಿಂದ ಕಂದುಬಣ್ಣವು ಕಾಣಿಸಿಕೊಳ್ಳುವ ಮೊದಲೇ ಗಾಯವಾಗಿರುತ್ತದೆ. ಹೀಗೆ ದೊರೆತ ಬಣ್ಣದ ರಕ್ಷಣೆಯಾದರೂ ಅತ್ಯಲ್ಪ; ಅದು ೩ ಅಥವಾ ೪ ರಕ್ಷಣಾಂಕದ ಲೇಪಕ್ಕೆ ಸಮಾನವಾದುದು. ದುರಸ್ತಿಯಾಗದೆ ಉಳಿದ ದೋಷಗಳು ವರ್ಷವರ್ಷವೂ ಕೂಡುತ್ತ ಹೋಗಿ ಕೆಲವರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತವೆ. ಅವುಗಳಲ್ಲಿ ವರ್ಣಕೋಶದಿಂದ ಹುಟ್ಟುವ ಮೆಲನೋಮವು ಬಹು ಭಯಂಕರವಾದುದು.

ದೀಪಗಳ ಮಂಚದ ಮೇಲೆ ಮಲಗಿ ಮೈಯನ್ನು ಕಂದಿಸಿಕೊಳ್ಳುವ ಪದ್ಧತಿಯೂ ನಿರಪಾಯಕರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ೨೦೦೯ರಲ್ಲಿ ಈ ಉಪಕರಣಗಳನ್ನು ತಂಬಾಕಿನ ಧೂಮಪಾನವಿರುವ ವರ್ಗಕ್ಕೇ ಸೇರಿಸಿತು. ಅಪಾಯದ ಪ್ರಮಾಣ ಎರಡರಲ್ಲಿಯೂ ಒಂದೇ ಎಂದು ಇದರ ಅರ್ಥವಲ್ಲ. ಕ್ಯಾನ್ಸರ್ ಬರಿಸುವುದೆಂಬ ಸಾಕ್ಷ್ಯ ಎರಡಕ್ಕೂ ನಿಸ್ಸಂಶಯವಾಗಿದೆ ಎಂದರ್ಥ. ಬ್ರೆಜಿಲ್ ಅದೇ ವರ್ಷ ಅವುಗಳ ಬಳಕೆಯನ್ನು ನಿಷೇಧಿಸಿತು.

ರಕ್ಷಣೆ ಸಾಧ್ಯವೆಂಬುದಕ್ಕೆ ಆಸ್ಟ್ರೇಲಿಯದಲ್ಲಿ ಪ್ರಮಾಣ ದೊರೆತಿದೆ. ಕ್ವೀನ್ಸ್‌ಲ್ಯಾಂಡ್ ಪ್ರಾಂತದ ನ್ಯಾಂಬರ್ ಎಂಬ ಊರಿನಲ್ಲಿ ೧೯೯೨ರಲ್ಲಿ ೧,೬೨೧ ಜನರನ್ನು ಆರಿಸಿ, ಕೆಲವರಿಗೆ ತಲೆ, ಕುತ್ತಿಗೆ, ಕೈತೋಳುಗಳಿಗೆ ಪ್ರತಿದಿನವೂ ಲೇಪವನ್ನು ಹಚ್ಚಲು ಹೇಳಲಾಯಿತು. ಉಳಿದವರು ತಮ್ಮ ಇಚ್ಛೆಯಂತೆ ನಡೆದುಕೊಂಡರು. ನಾಲ್ಕೂವರೆ ವರ್ಷಗಳ ಅನಂತರ ನೋಡಲಾಗಿ, ಚರ್ಮದ ಒಂದು ಬಗೆಯ ಕ್ಯಾನ್ಸರಿನ ಗಂತಿಗಳು ಮೊದಲ ಗುಂಪಿನಲ್ಲಿ ಸುಮಾರು ನೂರಕ್ಕೆ ೪೦ರಷ್ಟು ಕಡಮೆಯಾಗಿದ್ದುವು. ಮುಂದೆ ಹತ್ತು ವರ್ಷ ಗಮನಿಸಿದಾಗ ಮೆಲನೋಮವೂ ಸುಮಾರು ಅರ್ಧಕ್ಕಿಳಿದಿತ್ತು.

ಆದರೆ ಲೇಪವೊಂದನ್ನೇ ನಂಬಿ ಹೆಚ್ಚು ಹೊತ್ತು ಬಿಸಿಲಿನಲ್ಲಿರುವುದು ಸಲ್ಲದು. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಕಿರಣಗಳು ಪ್ರಖರವಾಗಿರುತ್ತವೆ. ಆಗ ನೆರಳಿನಲ್ಲಿರುವುದು, ಒತ್ತು ನೆಯ್ಗೆಯ ತುಂಬುತೋಳಿನ ಬಟ್ಟೆ ಮತ್ತು ಅಗಲ ಅಂಚಿನ ಟೋಪಿ ಧರಿಸುವುದು ಮೊದಲನೆಯ ಉಪಾಯ. ತೆರೆದ ಭಾಗಗಳಿಗೆ ೩೦ ಅಥವಾ ಹೆಚ್ಚಿನ ರಕ್ಷಣಾಂಕದ ಲೇಪವನ್ನು ಹಚ್ಚಿ, ಎರಡು ಗಂಟೆಗೊಮ್ಮೆ ಪುನಃ ಹಚ್ಚಬೇಕು.

ಹುಟ್ಟಿನಿಂದಲೇ ಮೆಲನಿನ್ ಹೆಚ್ಚಾಗಿರುವ ನಮ್ಮಂಥವರಲ್ಲಿ ಚರ್ಮದ ಕ್ಯಾನ್ಸರ್ ವಿರಳ. ಆದರೂ ಕಣ್ಣಿನ ಪೊರೆಗೆ ಬಿಸಿಲು ಒಂದು ಕಾರಣವಾದುದರಿಂದ ಕಣ್ಣುಗಳನ್ನು ಕಾಪಾಡಿಕೊಳ್ಳಬೇಕು. ಕಪ್ಪು ಚರ್ಮದವರಲ್ಲಿ ಮೆಲನೋಮವು ಬಿಸಿಲು ತಾಗದ ಅಂಗಾಲಿನಲ್ಲಿಯೂ ಉಗುರಿನಡಿಯಲ್ಲಿಯೂ ಹುಟ್ಟುವುದುಂಟು. ಅಲ್ಲಿ ಹೊಸ ಕಲೆ ಮೂಡಿದರೆ, ಅಥವಾ ಮೈಮೇಲಿನ ಮಚ್ಚೆಯ ಆಕಾರ, ಬಣ್ಣ, ಗಾತ್ರಗಳು ಬದಲಾದರೆ, ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.