ಫಾರಿನ್‌ಗೆ ಮೆಣಸು ಕಳಿಸೋ ಮೊದಲು ಕಾಗದಪತ್ರ ಸರಿ ಮಾಡ್ಕೊಳ್ಳಿ

ನಮ್ಮ ತೋಟದ ಕಾಳುಮೆಣಸಿಗೆ ಆನ್‌ಲೈನ್‌ನಲ್ಲಿ ಮೊದಲ ಫಾರಿನ್ ಆರ್ಡರ್ ಬಂದಾಗ ಖುಷಿಯಲ್ಲಿ ಒಂದು ತಪ್ಪು ಮಾಡಿದೆ. ಗಿರಾಕಿಗೆ ಸುಂಕ ಉಳಿಯಲಿ ಅಂತ 5 ಕೆಜಿ ಪಾರ್ಸೆಲ್ ಮೇಲೆ ‘ಗಿಫ್ಟ್’ ಅಂತ ಬರೆದೆ. ಅಲ್ಲಿನ ಕಸ್ಟಮ್ಸ್‌ನವರು ತಡೆಹಿಡಿದರು. ಮಾಲೂ ಹೋಯ್ತು, ಗಿರಾಕಿಯೂ ಹೋದ್ರು.

ನೀವು ಹಾಗೆ ಮಾಡಬೇಡಿ. ಮೊದಲು ಡಿಜಿಎಫ್‌ಟಿ ವೆಬ್‌ಸೈಟಿನಲ್ಲಿ ಐಇಸಿ ನಂಬರ್ ಮಾಡಿಸಿ. ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು, ಇಲ್ಲಾಂದ್ರೆ ನಿಷ್ಕ್ರಿಯ ಆಗುತ್ತೆ. ಮೆಣಸು, ಏಲಕ್ಕಿಯಂಥ ಸಾಂಬಾರ ಬೆಳೆಗೆ ಸ್ಪೈಸಸ್ ಬೋರ್ಡಿನ ರಫ್ತು ನೋಂದಣಿಯೂ ಬೇಕು.

ಸಣ್ಣ ಪಾರ್ಸೆಲ್‌ಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರ ಅನುಕೂಲ. ರಫ್ತು ಬಿಲ್ಲನ್ನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ತುಂಬಬಹುದು. ಅದರಲ್ಲಿ ನಿಜವಾದ ಬೆಲೆ, ತೂಕ ಮತ್ತು ಎಚ್‌ಎಸ್ ಕೋಡ್ ಬರೆಯಿರಿ. ಇಡೀ ಕಾಳಿಗೆ 090411, ಪುಡಿಗೆ 090412.

ಸುಂಕ ಯಾರು ಕಟ್ಟಬೇಕು, ಅವರ ದೇಶ ಯಾವ ಸರ್ಟಿಫಿಕೇಟ್ ಕೇಳುತ್ತೆ ಅನ್ನೋದನ್ನ ದುಡ್ಡು ತಗೊಳ್ಳೋ ಮೊದಲೇ ಗಿರಾಕಿ ಜೊತೆ ಮೆಸೇಜ್‌ನಲ್ಲಿ ಬರೆದು ಇತ್ಯರ್ಥ ಮಾಡ್ಕೊಳ್ಳಿ. ನನ್ನ ಎರಡನೇ ಪಾರ್ಸೆಲ್ ಹೀಗೇ ಹೋಗಿ ಸುರಕ್ಷಿತವಾಗಿ ತಲುಪಿತು.