ನಿಮಗಿದು ಗೊತ್ತೇ? ಫೈಲಿನಲ್ಲಿಲ್ಲದ ಅಕ್ಷರಗಳು

ಕೋಡ್ ಬರೆಯುವವರ ಪರದೆಯ ಮೇಲೆ ಅಲ್ಲಲ್ಲಿ ಮಸುಕು ಬಣ್ಣದ ಪುಟ್ಟ ಅಕ್ಷರಗಳು ಇಣುಕುತ್ತವೆ. ಇವನ್ನು ಇನ್‌ಲೇ ಹಿಂಟ್ ಎನ್ನುತ್ತಾರೆ. ಕಣ್ಣಿಗೆ ಕಂಡರೂ ಫೈಲಿನಲ್ಲಿ ಅವು ಇರುವುದೇ ಇಲ್ಲ! ಕಾಪಿ ಮಾಡಿದರೆ ಬರುವುದಿಲ್ಲ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೂ ಸೇರುವುದಿಲ್ಲ.

ಉಪಯೋಗ? ಬಾಡಿಗೆ ಮನೆಗಳ ಆ್ಯಪ್ ಒಂದರಲ್ಲಿ ಹೀಗೊಂದು ಸಾಲಿದೆ ಎನ್ನಿ: ಕರಾರು("ವಿಜಯನಗರ", 18000, 10, 11). ಬೆಂಗಳೂರಿನಲ್ಲಿ ಮನೆ ಹುಡುಕಿ ಸುಸ್ತಾದವರು 10 ತಿಂಗಳ ಅಡ್ವಾನ್ಸು, 11 ತಿಂಗಳ ಅಗ್ರಿಮೆಂಟು ಎಂದು ಥಟ್ಟನೆ ಹೇಳಿಯಾರು. ಆದರೆ ಯಾರಾದರೂ ಎರಡನ್ನೂ ಅದಲುಬದಲು ಮಾಡಿದರೆ ಕಂಪ್ಯೂಟರ್ ತಕರಾರು ತೆಗೆಯುವುದಿಲ್ಲ. ಅದರ ಪಾಲಿಗೆ ಎರಡೂ ಬರೀ ಅಂಕಿ. ಹಿಂಟ್ ಆನ್ ಇದ್ದರೆ ಅದೇ ಸಾಲು ಕರಾರು(ಬಡಾವಣೆ: "ವಿಜಯನಗರ", ಬಾಡಿಗೆ: 18000, ಅಡ್ವಾನ್ಸ್: 10, ಅವಧಿ: 11) ಎಂದು ಕಾಣುತ್ತದೆ. ಹೌದು, ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು.

ಈ ಸುಳಿವು ಕೊಡುವುದು ಹೆಚ್ಚಾಗಿ ಕೋಡ್ ಬರೆಯುವ ಎಡಿಟರ್ ಅಲ್ಲ, ಲ್ಯಾಂಗ್ವೇಜ್ ಸರ್ವರ್ ಎಂಬ ಬೇರೆಯೇ ಪ್ರೋಗ್ರಾಮ್. ಸರ್ವರ್ ಅಂದಮಾತ್ರಕ್ಕೆ ಅದು ಎಲ್ಲೋ ದೂರದಲ್ಲಿಲ್ಲ; ಸಾಮಾನ್ಯವಾಗಿ ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿರುತ್ತದೆ. ಕೆಂಗೇರಿಯಲ್ಲಿ ನೇರಳೆ ಮೆಟ್ರೊ ಹತ್ತಿದವರಿಗೆ, ಮಾಗಡಿ ರಸ್ತೆ ದಾಟಿ ರೈಲು ಸುರಂಗ ಹೊಕ್ಕು ಸಿಗ್ನಲ್ ಕೈಕೊಟ್ಟರೂ ಹಿಂಟ್ ಬರುತ್ತಲೇ ಇರುತ್ತದೆ. (ಸೀಟು ಸಿಕ್ಕಿದ್ದರೆ!)

ಎಡಿಟರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಒಡಂಬಡಿಕೆಗೆ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್, ಚುಟುಕಾಗಿ ಎಲ್‌ಎಸ್‌ಪಿ ಎಂದು ಹೆಸರು. 2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಸೇರಿ ಇದನ್ನು ಪ್ರಕಟಿಸಿದವು. 5 ಎಡಿಟರ್, 10 ಭಾಷೆ ಇದ್ದರೆ ಮೊದಲು 50 ಜೋಡಣೆ ಬರೆಯಬೇಕಿತ್ತು. ಈಗ 15 ಸಾಕು. ಇನ್‌ಲೇ ಹಿಂಟ್ ಇದರೊಳಗೆ ಅಧಿಕೃತವಾಗಿ ಬಂದದ್ದು 2022ರ 3.17 ಆವೃತ್ತಿಯಲ್ಲಿ. ರಸ್ಟ್ ಭಾಷೆಯವರಿಗೆ ಅಷ್ಟು ತಾಳ್ಮೆ ಇರಲಿಲ್ಲ, ತಮ್ಮದೇ ವಿಸ್ತರಣೆ ಕಟ್ಟಿಕೊಂಡು ಮೊದಲೇ ಬಳಸುತ್ತಿದ್ದರು. ನಿಯೋವಿಮ್ ಎಡಿಟರ್ ಒಳಗೇ ಈ ಸೌಲಭ್ಯ ಬರಲು 2024 ಆಯಿತು.

ಹಿಂಟ್ ಸಾಲಿನಲ್ಲಿ ಎಲ್ಲಿ ಕೂರಬೇಕೆಂದು ಸರ್ವರ್ ಎಣಿಸಿ ಹೇಳಬೇಕು. ಕನ್ನಡದಲ್ಲಿ ಆ ಎಣಿಕೆಯೇ ತಮಾಷೆ: ಕೆಂಗೇರಿ 3 ಅಕ್ಷರ, ವಿಜಯನಗರ 6 ಅಕ್ಷರ. ಕಂಪ್ಯೂಟರಿಗೆ ಎರಡೂ ಒಂದೇ ಉದ್ದ! ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆ, ಸೊನ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಹಾಗಾಗಿ ಎರಡಕ್ಕೂ 7 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್, ಅಂದರೆ 21. ಎಲ್‌ಎಸ್‌ಪಿಯ ರೂಢಿಯ ಲೆಕ್ಕ ಯುಟಿಎಫ್-16, ಅಲ್ಲಿ 7. ಸರ್ವರ್ ಬರೆದವರು ಮೈಮರೆತು ಬೈಟ್ ಎಣಿಸಿದರೆ, ಆ ಒಂದು ಪದದಿಂದಲೇ ಹಿಂಟ್ 14 ಸ್ಥಾನ ಬಲಕ್ಕೆ ಜಾರುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿದವರ ಕಣ್ಣಿಗೆ ಈ ಎಡವಟ್ಟು ಬೀಳುವುದೇ ಇಲ್ಲ, ಏಕೆಂದರೆ ಅಲ್ಲಿ ಎರಡು ಲೆಕ್ಕವೂ ಒಂದೇ. ಲೆಕ್ಕದ ವಿಧಾನವನ್ನು ಎಡಿಟರ್, ಸರ್ವರ್ ಎರಡೂ ಮೊದಲೇ ಮಾತಾಡಿಕೊಳ್ಳುವ ಅವಕಾಶ ಬಂದದ್ದೂ 3.17ರಲ್ಲೇ.

ಎಲ್ಲ ಹಿಂಟ್ ಆನ್ ಮಾಡಿದರೆ ಕೋಡ್ ಹುಡುಕಬೇಕಾದೀತು. ಎಡಿಟರ್‌ಗಳಲ್ಲಿ ಒಂದಾದ ವಿಎಸ್ ಕೋಡ್‌ನಲ್ಲಿ ಕಂಟ್ರೋಲ್, ಆಲ್ಟ್ ಒತ್ತಿ ಹಿಡಿದಾಗ ಮಾತ್ರ ಕಾಣುವಂತೆ ಮಾಡಿಕೊಳ್ಳಬಹುದು. ನನ್ನ ಮತ ಅದಕ್ಕೇ.

ಕೊನೆಯದೊಂದು. ‘ಮೀಟರ್‌ದರ’ ಎಂದು ಹೆಸರಿಟ್ಟರೆ ಪೈಥಾನ್ ದೋಷ ತೋರಿಸುತ್ತದೆ. ರ್ ಮತ್ತು ದ ಒತ್ತಾಗಿ ಸೇರದಂತೆ ನಡುವೆ ಕೂತ, ಕಣ್ಣಿಗೆ ಕಾಣದ ಯೂನಿಕೋಡ್ ಸಂಕೇತ ಅದಕ್ಕೆ ಹಿಡಿಸುವುದಿಲ್ಲ. ಜಾವಾಸ್ಕ್ರಿಪ್ಟ್‌ಗೆ ಅಭ್ಯಂತರವಿಲ್ಲ.