ನಾಡಗೀತೆಯ ಲಯ, ಶ್ರುತಿ ಮತ್ತು ಎರಡೂವರೆ ನಿಮಿಷ

ಸೇಡಂ: ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅರಸ ಮೂರನೆಯ ಕೃಷ್ಣನಿಂದ ‘ಉಭಯಕವಿ ಚಕ್ರವರ್ತಿ’ ಬಿರುದು ಪಡೆದ ಪೊನ್ನನ ಹೆಸರು ಕುವೆಂಪು ರಚಿಸಿದ ‘ಜಯ ಭಾರತ ಜನನಿಯ ತನುಜಾತೆ’ಯಲ್ಲಿದೆ. ಅದೇ ವಂಶದ ಆಳ್ವಿಕೆಯನ್ನು 973ರಲ್ಲಿ ಕೊನೆಗಾಣಿಸಿದ ತೈಲಪನ ಹೆಸರೂ ಇದೆ. ರಾಷ್ಟ್ರಕೂಟರ ಹೆಸರು ಮಾತ್ರ ಇಲ್ಲ! ಕಾಗಿಣಾ ತೀರದ ಶಾಲೆಗಳಲ್ಲಿ ಪ್ರತಿ ಬೆಳಿಗ್ಗೆ ಈ ಗೀತೆಯನ್ನು ಹಾಡುವ ಮಕ್ಕಳು ತಮಗರಿವಿಲ್ಲದೆಯೇ ತಮ್ಮ ಊರಿನ ಚರಿತ್ರೆಯನ್ನೂ ಹಾಡುತ್ತಿರುತ್ತಾರೆ.

2004ರ ಜನವರಿಯಲ್ಲಿ ಈ ಕವನ ಅಧಿಕೃತ ನಾಡಗೀತೆಯಾಯಿತು. ಆದರೆ ಅದನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಪ್ರಶ್ನೆ ಬಗೆಹರಿಯಲು ಮತ್ತೆ ಹದಿನೆಂಟು ವರ್ಷಗಳೇ ಬೇಕಾದವು. ಮೈಸೂರು ಅನಂತಸ್ವಾಮಿ ಅವರದೊಂದು ಧಾಟಿ, ಸಿ. ಅಶ್ವತ್ಥ್ ಅವರದು ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವು ಅನಂತಸ್ವಾಮಿ ಅವರ ಧಾಟಿಯನ್ನು ಒಪ್ಪಿ, ಆಲಾಪ ಹಾಗೂ ಪುನರಾವರ್ತನೆಗಳಿಲ್ಲದೆ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಆದೇಶಿಸಿತು. ಇದನ್ನು ಪ್ರಶ್ನಿಸಿ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟ್ ಮೆಟ್ಟಿಲೇರಿದರು. 2024ರ ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯಿತು. ಒಂದು ಹಾಡಿನ ಧಾಟಿ ನ್ಯಾಯಾಲಯದ ಕಟಕಟೆ ಏರಿದ್ದು ಅಪರೂಪದ ಸಂಗತಿಯೇ ಸರಿ.

ಲಯದ ಮೂಲ ಕವಿಯ ಛಂದಸ್ಸಿನಲ್ಲೇ ಅಡಗಿದೆ. ಮೊದಲ ಸಾಲನ್ನು ಮಾತ್ರೆಗಳ ಲೆಕ್ಕದಲ್ಲಿ ಬಿಡಿಸಿದರೆ ನಾಲ್ಕು ಮಾತ್ರೆಗಳ ನಾಲ್ಕು ಗಣಗಳು, ಒಟ್ಟು ಹದಿನಾರು ಮಾತ್ರೆಗಳು ದೊರೆಯುತ್ತವೆ. ಇದು ಹೆಜ್ಜೆ ಹಾಕುವ ನಡೆ. ಸಾಮೂಹಿಕ ಗಾಯನಕ್ಕೆ ಹೇಳಿ ಮಾಡಿಸಿದಂತಹುದು. ಅನಂತಸ್ವಾಮಿ ಅವರ ಧಾಟಿ ಈ ನಡೆಯನ್ನು ಹೆಚ್ಚು ಕದಲಿಸದೆ, ಸರಳವಾಗಿ, ಪ್ರಾರ್ಥನೆಯ ಭಾವದಲ್ಲಿ ಸಾಗುತ್ತದೆ. ಅಶ್ವತ್ಥ್ ಅವರದು ಏರುದನಿಯ ಗಾಯನ. ಅಲ್ಲಿ ಭಕ್ತಿಗಿಂತ ಅಭಿಮಾನದ ಆವೇಶ ಮುಂದು. ನುರಿತ ಕಂಠ ಅದನ್ನು ಬೆಳಗಿಸಬಲ್ಲದು, ನಾಲ್ಕನೆಯ ತರಗತಿಯ ಮಗು ಅದರ ಹಿಂದೆ ಓಡಬೇಕಾಗುತ್ತದೆ. ಶಾಲಾ ಅಂಗಳದ ದೃಷ್ಟಿಯಿಂದ ನೋಡಿದರೆ ಸರ್ಕಾರದ ಆಯ್ಕೆ ಸಮಂಜಸವೆಂದೇ ಹೇಳಬೇಕು.

ಆದರೆ ಕಾಲಮಿತಿಗೂ ಒಂದು ಬೆಲೆಯಿದೆ. ರಾಷ್ಟ್ರಗೀತೆಗೆ 52 ಸೆಕೆಂಡು ನಿಗದಿಯಾಗಿದ್ದರೂ ಅದು ಒಂದೇ ಪದ್ಯ. ನಾಡಗೀತೆಯಲ್ಲಾದರೋ ಹಲವು ಪದ್ಯಗಳಿವೆ, ಋಷಿಗಳು, ಆಚಾರ್ಯರು, ಕವಿಗಳು, ಅರಸರ ಹೆಸರುಗಳ ಸಾಲುಗಳಿವೆ. ರನ್ನ, ಪೊನ್ನ, ಜನ್ನ ಎಂಬಲ್ಲಿ ಒತ್ತಕ್ಷರ ನಾಲಿಗೆಯನ್ನು ಒಂದು ಕ್ಷಣ ತಡೆದು ನಿಲ್ಲಿಸುತ್ತದೆ. ಗಡಿಯಾರ ನೋಡಿ ಲಯ ಏರಿಸಿದರೆ ಆ ತಡೆ ಕರಗಿ ‘ಪೊನ್ನ’ ಬರಿಯ ‘ಪೊನ’ ಆಗುವ ಅಪಾಯವಿದೆ. ಮನೆಯಲ್ಲಿ ತೆಲುಗು, ಉರ್ದು ಅಥವಾ ಲಂಬಾಣಿ ಮಾತನಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳು ಹೆಚ್ಚಿರುವ ಈ ಗಡಿ ಭಾಗದಲ್ಲಿ ಉಚ್ಚಾರವೇ ಮೊದಲ ಪಾಠ. ಹೀಗಾಗಿ ಗೀತೆಯನ್ನು ಮೊದಲು ವಿಳಂಬದಲ್ಲಿ ಓದಿಸಿ, ಪದಗಳು ಹದಕ್ಕೆ ಬಂದ ನಂತರ ಲಯ ಕೂಡಿಸುವುದು ಒಳಿತು.

ಇನ್ನು ಶ್ರುತಿ. ಹಾರ್ಮೋನಿಯಂನಲ್ಲಿ ಗಂಡಸರ ಕಂಠಕ್ಕೆ ಸಾಮಾನ್ಯವಾಗಿ ಕಪ್ಪು ಒಂದು ಹೊಂದುತ್ತದೆ, ಹೆಂಗಸರಿಗೂ ಚಿಕ್ಕ ಮಕ್ಕಳಿಗೂ ಬಿಳಿ ಐದರ ಆಸುಪಾಸು ಸುಲಭ. ಮಾಸ್ತರರು ತಮ್ಮ ಕಂಠದ ಶ್ರುತಿಯಲ್ಲೇ ಆರಂಭಿಸಿದರೆ ಮಕ್ಕಳು ಕೆಳಗಿನ ಸ್ವರಗಳಲ್ಲಿ ಗೊಣಗುತ್ತಾರೆ, ಮೇಲೆ ಹೋದಾಗ ಕಿರುಚುತ್ತಾರೆ. ಗೀತೆಯ ಅತಿ ಎತ್ತರದ ಸ್ವರವನ್ನು ಮೊದಲು ಮಕ್ಕಳಿಂದ ಹಾಡಿಸಿ ನೋಡಿ, ಅದಕ್ಕೆ ತಕ್ಕಂತೆ ಷಡ್ಜವನ್ನು ಇಟ್ಟುಕೊಳ್ಳುವುದು ಸುಲಭದ ದಾರಿ.

ಆದೇಶ ಅನ್ವಯವಾಗುವುದು ಶಾಲೆಗಳಿಗೆ ಮತ್ತು ಸರ್ಕಾರಿ ಸಮಾರಂಭಗಳಿಗೆ. ಸುಗಮ ಸಂಗೀತದ ವೇದಿಕೆಯಲ್ಲಿ ಅಶ್ವತ್ಥ್ ಅವರ ಧಾಟಿಗೆ ಇಂದಿಗೂ ಕೇಳುಗರಿದ್ದಾರೆ. ಅಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ.